ನಲವತ್ತು ಜಿಬಿ ಮೇಲ್ ಇಳಿಸಿಕೊಂಡ ಕತೆ

"ಮೇಡಂ, ಥಂಡರ್‌ಬರ್ಡ್ ಎಲ್ಲ ಹಳೇ ಕಾಲದ್ದು. ಯೂನಿವರ್ಸಿಟಿ ಮೇಲ್ ಅದರಲ್ಲಿ ಓಡಲ್ಲ." 2023ರ ಬೇಸಿಗೆಯಲ್ಲಿ ನಮ್ಮ ಕಂಪ್ಯೂಟರ್ ವಿಭಾಗದ ಹುಡುಗ ಹೀಗಂದಿದ್ದ. ಮೊನ್ನೆ ಅವನೇ ಇನ್ನೊಬ್ಬ ಪ್ರೊಫೆಸರನ್ನು ನನ್ನ ಹತ್ತಿರ ಕಳಿಸಿದ. "ಬಾಟನಿ ಮೇಡಂ ಹತ್ರ ಹೋಗಿ ಸಾರ್, ಅವರಿಗೆ ಗೊತ್ತು" ಅಂದನಂತೆ. ಹಾಗಾಗಿ ಒಮ್ಮೆ ಬರೆದೇ ಬಿಡೋಣ ಅನ್ನಿಸಿತು. ಥಂಡರ್‌ಬರ್ಡ್ ಅಂದರೆ ಮೇಲನ್ನು ನಮ್ಮ ಕಂಪ್ಯೂಟರಿಗೇ ಇಳಿಸಿಕೊಂಡು ಓದುವ ತಂತ್ರಾಂಶ.

ನಮ್ಮ ಯೂನಿವರ್ಸಿಟಿ ಮೇಲ್ ಗೂಗಲ್‌ನ ಜಿಮೇಲೇ. ಮೊದಲು ಗೂಗಲ್‌ನ ಶಿಕ್ಷಣ ಖಾತೆಗಳಿಗೆ ಜಾಗದ ಮಿತಿಯೇ ಇರಲಿಲ್ಲ. 2021ರಲ್ಲಿ ಇಡೀ ಸಂಸ್ಥೆಗೆ ಒಟ್ಟು 100 ಟಿಬಿ ಅಂತ ಘೋಷಿಸಿದರು. ಅದರ ಬಿಸಿ ನಮಗೆ ನಿಧಾನವಾಗಿ ತಟ್ಟಿತು. ಒಬ್ಬೊಬ್ಬರಿಗೆ 15 ಜಿಬಿ, ಹೆಚ್ಚಿದ್ದನ್ನು ಮೂರು ತಿಂಗಳಲ್ಲಿ ಖಾಲಿ ಮಾಡಿ ಅಂತ ಸುತ್ತೋಲೆ ಬಂತು. ನನ್ನದು 40ರ ಹತ್ತಿರ ಇತ್ತು. ಗಿಡದ ಫೋಟೋ, ಹರ್ಬೇರಿಯಂ ಶೀಟಿನ (ಒಣಗಿಸಿ ಅಂಟಿಸಿದ ಗಿಡದ ಹಾಳೆ) ಸ್ಕ್ಯಾನ್, ವಿದ್ಯಾರ್ಥಿಗಳು ಹನ್ನೊಂದು ಸಲ ತಿದ್ದಿ ಕಳಿಸಿದ ಅಧ್ಯಾಯಗಳು, ಜೊತೆಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲುಗಳು. ಯಾವುದನ್ನು ಅಳಿಸಲಿ? ಎಲ್ಲವನ್ನೂ ಥಂಡರ್‌ಬರ್ಡ್‌ನಲ್ಲಿ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ಜಿಮೇಲ್‌ನಿಂದ ಅಳಿಸೋಣ ಅಂದುಕೊಂಡೆ.

ಅದನ್ನು ಹೊಂದಿಸಿಕೊಡಲು ಕಂಪ್ಯೂಟರ್ ಅಂಗಡಿಯವನೊಬ್ಬ ಎರಡು ಸಲ ಬಂದು, ಸಲಕ್ಕೆ 800 ರೂಪಾಯಿ ತೆಗೆದುಕೊಂಡು, "ಪಾಸ್‌ವರ್ಡ್ ತಪ್ಪು" ಅಂತ ಹೇಳಿ ಹೋದ. ಪಾಸ್‌ವರ್ಡ್ ಸರಿಯಾಗೇ ಇತ್ತು. ಅವನು ದೃಢೀಕರಣದ ಜಾಗದಲ್ಲಿ 'ನಾರ್ಮಲ್ ಪಾಸ್‌ವರ್ಡ್' ಇಟ್ಟಿದ್ದ. ಅಲ್ಲಿ ಓಆತ್2 ಇರಬೇಕು, ಅಂದರೆ ಗೂಗಲ್‌ನದೇ ಲಾಗಿನ್ ಪುಟದ ಮೂಲಕ ಒಳಗೆ ಹೋಗುವ ವಿಧಾನ. ಅದನ್ನು ಬದಲಿಸಿದ ಮೇಲೆ ಲಾಗಿನ್ ಕಿಟಕಿ ತೆರೆಯಿತು, ಆದರೆ ಒಳಗೆ ಬಿಡಲಿಲ್ಲ. ಹೆಸರು ಕೇಳುತ್ತೆ, ಪಾಸ್‌ವರ್ಡ್ ಕೇಳುತ್ತೆ, ಮತ್ತೆ ಹೆಸರು ಕೇಳುತ್ತೆ. ಎರಡು ರಾತ್ರಿ ಹೋಯಿತು. ಕಾರಣ ನಾನೇ. ಪ್ರೈವೆಸಿ ಅಂತ ಥಂಡರ್‌ಬರ್ಡ್‌ನಲ್ಲಿ ಕುಕೀಸ್ (ಲಾಗಿನ್ ನೆನಪಿಡಲು ಬೇಕಾದ ಸಣ್ಣ ಗುರುತುಗಳು) ಆಫ್ ಮಾಡಿಟ್ಟಿದ್ದೆ! ಆನ್ ಮಾಡಿದೆ, ಹತ್ತು ಸೆಕೆಂಡಿಗೆ ಇನ್‌ಬಾಕ್ಸ್ ಬಂತು. ಉಳಿದದ್ದು ಪೋರ್ಟ್, ಅಂದರೆ ಸರ್ವರಿನ ಬಾಗಿಲಿನ ನಂಬರ್: ಮೇಲ್ ಇಳಿಸುವ ಐಮ್ಯಾಪ್‌ಗೆ 993, ಕಳಿಸುವ ಎಸ್‌ಎಂಟಿಪಿಗೆ 465 ಅಥವಾ 587. ಕ್ಯಾಂಪಸ್ ವೈಫೈನಲ್ಲಿ 993 ಮುಚ್ಚಿತ್ತು, ಮನೆಯಲ್ಲಿ ಓಡುತ್ತಿತ್ತು. ಅದನ್ನು ತೆರೆಸಲು ಒಂದು ಅರ್ಜಿ ಕೊಟ್ಟೆ. ಎರಡೇ ದಿನದಲ್ಲಿ ಸಹಿ ಆಯಿತು. ಅರ್ಜಿಯಲ್ಲಿ ಏನು ಬರೆದಿದ್ದೆ ಅಂತ ಮಾತ್ರ ಕೇಳಬೇಡಿ.

ನಿಜವಾದ ಕಷ್ಟ ಶುರುವಾಗಿದ್ದು ಇದಾದ ಮೇಲೆ. ದಿನಾ ಬೆಳಿಗ್ಗೆ ಸರಾಗವಾಗಿ ಇಳಿಯುತ್ತಿದ್ದ ಮೇಲ್ ಮಧ್ಯಾಹ್ನದ ಹೊತ್ತಿಗೆ ನಿಂತು ಬಿಡುತ್ತಿತ್ತು. ಕ್ಯಾಂಪಸ್ ನೆಟ್ಟನ್ನು ಬೈದೆ. ಮೊಬೈಲ್ ಹಾಟ್‌ಸ್ಪಾಟ್‌ಗೆ ಸುಮಾರು 600 ರೂಪಾಯಿ ಡೇಟಾ ಹಾಕಿಸಿದೆ. ಅಲ್ಲೂ ಅಷ್ಟೇ. ಆಮೇಲೆ ದಿನದ ಲೆಕ್ಕ ಬರೆದಿಟ್ಟು ನೋಡಿದರೆ, ನಿಲ್ಲುವುದು ಯಾವಾಗಲೂ ಎರಡೂವರೆ ಜಿಬಿ ಆಸುಪಾಸಿನಲ್ಲಿ. ಜಿಮೇಲ್‌ನಲ್ಲಿ ಐಮ್ಯಾಪ್ ಮೂಲಕ ಒಂದು ದಿನಕ್ಕೆ ಇಳಿಸಬಹುದಾದದ್ದು 2500 ಎಂಬಿ. ಅದರ ಮೇಲೆ ಹೋದರೆ ಒಂದಿಡೀ ದಿನ ಬಾಗಿಲು ಹಾಕಬಹುದು. ನೆಟ್ಟಿನ ತಪ್ಪೇ ಇರಲಿಲ್ಲ, ಸುಮ್ನೆ ಬೈದಿದ್ದೆ.

ವಾರದಲ್ಲಿ 15 ಜಿಬಿ ಬಂತು ಅಂತ ಖುಷಿಯಲ್ಲಿದ್ದೆ. ಬಿಡಿಸಿ ನೋಡಿದರೆ ಅರ್ಧ ಡಬಲ್. ಜಿಮೇಲ್‌ನಲ್ಲಿ ಮೇಲ್‌ಗೆ ಅಂಟಿಸುವ ಲೇಬಲ್ ಥಂಡರ್‌ಬರ್ಡ್‌ಗೆ ಫೋಲ್ಡರ್ ಆಗಿ ಕಾಣುತ್ತದೆ. ಒಂದೇ ಮೇಲ್ ಇನ್‌ಬಾಕ್ಸ್‌ನಲ್ಲೂ ಇರುತ್ತೆ, ಎಲ್ಲವೂ ಸೇರಿದ 'ಆಲ್ ಮೇಲ್'ನಲ್ಲೂ ಇರುತ್ತೆ. ಕಂಪ್ಯೂಟರಿಗೆ ಇಳಿದಿದ್ದನ್ನೆಲ್ಲ ಅಳಿಸಿದೆ, 'ಆಲ್ ಮೇಲ್' ಥಂಡರ್‌ಬರ್ಡ್‌ಗೆ ಕಾಣದಂತೆ ಮಾಡಿದೆ, ಮೊದಲಿಂದ ಶುರು ಮಾಡಿದೆ. ಮತ್ತೆ ನೋಡಿದರೆ 2017ರ ಆಗುಂಬೆ ಫೀಲ್ಡ್ ಟ್ರಿಪ್ಪಿನ ಒಂದು ಮೇಲೂ ಇಲ್ಲ! ಎದೆ ಧಸಕ್ಕೆಂದಿತು. ಲೇಬಲ್ ಹಾಕದೆ ಸುಮ್ಮನೆ ಆರ್ಕೈವ್ ಒತ್ತಿ ಇನ್‌ಬಾಕ್ಸ್‌ನಿಂದ ತೆಗೆದ ಮೇಲ್‌ಗಳು 'ಆಲ್ ಮೇಲ್'ನಲ್ಲಿ ಮಾತ್ರ ಇರುತ್ತವೆ. ವೆಬ್‌ನಲ್ಲಿ ಅವನ್ನೆಲ್ಲ ಒಟ್ಟಿಗೆ ಹಿಡಿಯುವ ಒಂದು ಸರ್ಚ್ ಪದ ಇದೆ. ಅದನ್ನು ಹುಡುಕಲು ನನಗೆ ನಾಲ್ಕು ದಿನ ಬೇಕಾಯಿತು, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಸಿಕ್ಕ ಆರೇಳು ಸಾವಿರ ಮೇಲ್‌ಗೆ 'ಹಳೇದು' ಅಂತ ಲೇಬಲ್ ಅಂಟಿಸಿದೆ, ಇಳಿಯಿತು. ಎರಡನೇ ಸಲದ್ದು ಒಟ್ಟು ಹದಿನೆಂಟು ದಿನ.

ಇಳಿದದ್ದನ್ನು ಲೋಕಲ್ ಫೋಲ್ಡರ್ಸ್‌ಗೆ (ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವ ಫೋಲ್ಡರ್) ವರ್ಷವಾರು ಕಾಪಿ ಮಾಡಿದೆ. ಮೂವ್ ಅಲ್ಲ, ಕಾಪಿ. ಅರ್ಧಕ್ಕೆ ಕರೆಂಟ್ ಹೋದರೆ ಮೂವ್ ಮಾಡಿದವರ ಗತಿ ದೇವರಿಗೇ ಗೊತ್ತು. ಎಣಿಕೆ ತಾಳೆ ನೋಡಿ, ಆಮೇಲೆ ಸರ್ವರಿನಲ್ಲಿದ್ದ ಸುಮಾರು 12 ಜಿಬಿ ಥಂಡರ್‌ಬರ್ಡ್‌ನಿಂದಲೇ ಅಳಿಸಿದೆ. ವೆಬ್‌ನಲ್ಲಿ ಕೋಟಾ, ಅಂದರೆ ಎಷ್ಟು ಜಾಗ ತುಂಬಿದೆ ಅಂತ ನೋಡಿದೆ. ಒಂದು ಎಂಬಿಯೂ ಇಳಿದಿಲ್ಲ. ಪಕ್ಕದ ಕೋಣೆಯ ಸಹೋದ್ಯೋಗಿ, "ನಾನು ಹೇಳಲಿಲ್ವಾ?" ಅಂತ ನಕ್ಕರು.

ಇದೇ ಈ ಬರಹದ ಜೀವ, ಗಮನಿಸಿ. ಸೆಟ್ಟಿಂಗ್ ಬದಲಿಸದೆ ಬಿಟ್ಟರೆ, ಐಮ್ಯಾಪ್‌ನಲ್ಲಿ ಅಳಿಸಿದ್ದನ್ನು ಜಿಮೇಲ್ ಆರ್ಕೈವ್ ಮಾಡಿಬಿಡಬಹುದು. ಅಂದರೆ ಮೇಲ್ ಕಣ್ಣಿಗೆ ಕಾಣಲ್ಲ, ಜಾಗ ಮಾತ್ರ ಬಿಡಲ್ಲ. ನನ್ನ ಜಿಮೇಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಆಟೋ ಎಕ್ಸ್‌ಪಂಜ್ (ಅಳಿಸಿದ ಗುರುತು ಬಿದ್ದ ಮೇಲನ್ನು ಆಗಲೇ ತೆಗೆಯುವುದು) ಆಫ್ ಮಾಡಿ, ಕೆಳಗೆ 'ಬಿನ್‌ಗೆ (ಕಸದ ಬುಟ್ಟಿಗೆ) ಹಾಕು' ಅನ್ನುವುದನ್ನು ಆರಿಸಿದೆ. ಆಗಲೇ ಮಾಯವಾಗಿದ್ದ 12 ಜಿಬಿಯನ್ನು ಮತ್ತೆ ವೆಬ್‌ನಲ್ಲಿ ಕೂತು ಹುಡುಕಿ ಅಳಿಸಬೇಕಾಯಿತು. ಬಿನ್ ಖಾಲಿಯಾಗಲು 30 ದಿನ ಕಾಯುವ ತಾಳ್ಮೆ ನನಗಿರಲಿಲ್ಲ, ಕೈಯಲ್ಲೇ ಖಾಲಿ ಮಾಡಿದೆ. ಉಳಿದ ಹಳೇ ಮೇಲೂ ಹೀಗೇ ಅಳಿಸಿದ ಮೇಲೆ ಕೋಟಾ 40ರಿಂದ 6ಕ್ಕೆ ಬಂತು. ಅವತ್ತು ನಕ್ಕವರಿಗೆ ಕಾಫಿ ಕುಡಿಸಿ ಸ್ಕ್ರೀನ್ ತೋರಿಸಿದೆ.

ಮಧ್ಯೆ ಕೆಲವು ಹುಚ್ಚಾಟವೂ ನಡೆಯಿತು. ಅಟ್ಯಾಚ್‌ಮೆಂಟ್‌ಗಳನ್ನು ಬೇರ್ಪಡಿಸಿ ಬೇರೆ ಫೋಲ್ಡರಿನಲ್ಲಿ ಇಟ್ಟೆ. ಸೈಜ್ ಇಳಿಯಲೇ ಇಲ್ಲ, ಅಳಿಸಿದ್ದರ ಜಾಗ ನಿಜವಾಗಿ ಬಿಡಿಸುವ ಕಾಂಪ್ಯಾಕ್ಟ್ ಒತ್ತಿದ ಮೇಲೆ ಇಳಿಯಿತು. ಆಮೇಲೆ ಆ ಫೋಲ್ಡರನ್ನು ಇನ್ನೊಂದು ಡ್ರೈವಿಗೆ ಸರಿಸಿದೆ. ಮುನ್ನೂರು ಮೇಲ್‌ಗಳಿಗೆ ತಮ್ಮ ಫೋಟೋ ಎಲ್ಲಿದೆ ಅಂತಲೇ ಮರೆತು ಹೋಯಿತು. ಬಿಟ್ಟುಬಿಟ್ಟೆ. ಇನ್ನೊಂದು, ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದ ಸುತ್ತೋಲೆಗಳು. ಅವು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವಲ್ಲ, ಥಂಡರ್‌ಬರ್ಡ್‌ನ ಲ್ಯಾಟಿನ್ ಫಾಂಟನ್ನೇ ನುಡಿ ಮಾಡಿದರೆ ಹೇಗೆ ಅಂತ ನೋಡಿದೆ. ಸುತ್ತೋಲೆ ಚೆನ್ನಾಗಿ ಓದಲು ಬಂತು. ಇಂಗ್ಲಿಷ್ ಮೇಲ್‌ಗಳು ಮಾತ್ರ ಯಾವ ಸೀಮೆಯದೋ ಕನ್ನಡವಾಗಿ ಕೂತವು.

ಖರ್ಚು ನೆನಪಿದ್ದಂತೆ ಹೇಳುತ್ತೇನೆ. ಅಂಗಡಿಯವನಿಗೆ 1600, ಡೇಟಾಗೆ 600, ಒಂದು ಟಿಬಿಯ ಹಾರ್ಡ್ ಡಿಸ್ಕ್‌ಗೆ 4200 ಚಿಲ್ಲರೆ. ಮೊದಲ ಎರಡು ದಂಡ. ಹಾರ್ಡ್ ಡಿಸ್ಕ್ ಬೇಕೇ ಬೇಕು, ಲೋಕಲ್ ಫೋಲ್ಡರಿಗೆ ಇನ್ಯಾರೂ ಬ್ಯಾಕಪ್ ಇಡಲ್ಲ. ಪೆನ್ ಡ್ರೈವ್ ಸಾಕು ಅಂತ ಮೊದಲು ಹೋಗಿದ್ದೆ. ಅದರ ಫಾರ್ಮ್ಯಾಟ್ ಫ್ಯಾಟ್32, 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ. 2019ರ ಫೋಲ್ಡರ್ ಒಂದೇ ಐದೂವರೆ ಇತ್ತು. ಹೊರಗಿನವನೊಬ್ಬ ಇಡೀ ಕೆಲಸಕ್ಕೆ 12 ಸಾವಿರ ಕೇಳಿದ್ದ, ನೆನಪಿರಲಿ.

ಈಗ ಬಂದಿರುವ ಪ್ರೊಫೆಸರದು 90 ಜಿಬಿ. ಹೋದ ಸೋಮವಾರ ಶುರು ಮಾಡಿದ್ದೇವೆ. ಬೆಳಿಗ್ಗೆ ಹತ್ತಕ್ಕೆ ಬಂದು, "ಮೇಡಂ, ಇವತ್ತೂ ನಿಂತೋಯ್ತು" ಅನ್ನುತ್ತಾರೆ. ನಾಳೆ ಬನ್ನಿ ಸಾರ್ ಅನ್ನುತ್ತೇನೆ. ಇನ್ನೊಂದು ತಿಂಗಳು ಹೀಗೇ.