ಲೈಕ್ ಬಂತು, ಆರ್ಡರ್ ಬರಲಿಲ್ಲ ಅನ್ನೋರಿಗೆ

ಶಿರಸಿ, ಸಿದ್ದಾಪುರ ಕಡೆ ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವವರು, ತೋಟದ ಮನೆಯಲ್ಲಿ ಎರಡು ಕೋಣೆ ಖಾಲಿ ಮಾಡಿ ಹೋಮ್‌ಸ್ಟೇ ಶುರು ಮಾಡಿದವರು, ಗೋಕರ್ಣದಲ್ಲಿ ಸಣ್ಣ ಹೋಟೆಲ್ ಇಟ್ಟವರು, ಎಲ್ಲರೂ ಕೇಳುವುದು ಒಂದೇ. ‘ಇನ್‌ಸ್ಟಾದಲ್ಲಿ ಫಾಲೋವರ್ಸ್ ಜಾಸ್ತಿ ಮಾಡೋದು ಹೆಂಗೆ?’

ಮಾಡಬಹುದು. ಮಳೆಗಾಲದ ಜಲಪಾತದ್ದು ಒಂದು ಒಳ್ಳೆ ವಿಡಿಯೋ ಹಾಕಿದರೆ ಸಾವಿರಾರು ಜನ ನೋಡುತ್ತಾರೆ. ಆದರೆ ಅವರಿಗೆ ಇಷ್ಟವಾಗಿದ್ದು ಜಲಪಾತ. ನಿಮ್ಮ ಕೋಣೆ ಎಲ್ಲಿದೆ, ಊಟ ಸಿಗುತ್ತಾ, ಬಾಡಿಗೆ ಎಷ್ಟು ಅನ್ನೋದು ಅವರ ತಲೆಗೇ ಬಂದಿರುವುದಿಲ್ಲ. ಲೈಕ್ ತಗೊಂಡು ಹೋಗಿ ಕಿರಾಣಿ ಅಂಗಡಿಯಲ್ಲಿ ಕೊಟ್ಟರೆ ಒಂದು ಕೆಜಿ ಸಕ್ಕರೆಯೂ ಬರುವುದಿಲ್ಲ, ಅಲ್ವಾ? ಹಾಗಾಗಿ ಫಾಲೋವರ್ಸ್ ವಿಷಯ ಆಮೇಲೆ ನೋಡೋಣ. ಫೋನ್ ಬರುವುದು ಹೇಗೆ, ಬಂದ ಫೋನ್ ಆರ್ಡರ್ ಆಗುವುದು ಹೇಗೆ, ಅಲ್ಲಿಂದ ಶುರು ಮಾಡಿ.

ಮೊದಲು ಒಂದು ನೋಟ್‌ಬುಕ್

ಫೋನ್ ಪಕ್ಕ ಒಂದು ನೋಟ್‌ಬುಕ್ ಇಡಿ. ಯಾರೇ ಫೋನ್ ಮಾಡಲಿ, ಮಾತು ಮುಗಿಸುವ ಮೊದಲು ‘ನಮ್ಮ ನಂಬರ್ ಎಲ್ಲಿ ಸಿಕ್ತು?’ ಅಂತ ಕೇಳಿ ಬರೆದುಕೊಳ್ಳಿ. ಗೂಗಲ್, ಇನ್‌ಸ್ಟಾ, ನೆಂಟರು, ರಸ್ತೆ ಬದಿಯ ಬೋರ್ಡ್, ಏನೇ ಇರಲಿ. ಪಕ್ಕದಲ್ಲಿ ಆರ್ಡರ್ ಆಯ್ತಾ ಇಲ್ವಾ, ಆಗಿದ್ದರೆ ಎಷ್ಟು ರೂಪಾಯಿದು ಅಂತ ಬರೆಯಿರಿ. ಒಂದು ಸೀಸನ್ ಬಿಡದೆ ಬರೆದರೆ ಯಾವುದಕ್ಕೆ ಸಮಯ ಕೊಡಬೇಕು, ಯಾವುದನ್ನು ಬಿಡಬೇಕು ಅಂತ ಆ ಲೆಕ್ಕವೇ ಹೇಳುತ್ತದೆ.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅವರು ಕೇಳಿದ ಪ್ರಶ್ನೆಗಳನ್ನು ಬರೆದಿಡಿ, ಅವರ ಮಾತಲ್ಲೇ. ‘ಉಂಬಳ (ಜಿಗಣೆ) ಇರುತ್ತಾ?’ ‘ಸಣ್ಣ ಕಾರು ಮನೆ ಬಾಗಿಲ ತನಕ ಬರುತ್ತಾ?’ ‘ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಿಗ್ಗೆ ಐದಕ್ಕೇ ಇಳೀತೀವಿ, ರೂಮ್ ಕೊಡ್ತೀರಾ?’ ‘ಅಪ್ಪೆಮಿಡಿ ಉಪ್ಪಿನಕಾಯಿ ಫ್ರಿಜ್ಜಲ್ಲಿ ಇಡದಿದ್ರೆ ಹಾಳಾಗುತ್ತಾ?’ ‘ಕೊರಿಯರ್‌ನಲ್ಲಿ ಸೋರಲ್ವಾ?’ ಬ್ಲಾಗ್‌ನಲ್ಲಿ ಏನು ಬರೆಯಬೇಕು ಅಂತ ತಲೆ ಕೆಡಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆ ಪಟ್ಟಿ ಸಿಗುವುದಿಲ್ಲ. ಒಬ್ಬರು ಫೋನ್ ಮಾಡಿ ಕೇಳಿದ್ದನ್ನು ಇನ್ನೆಷ್ಟೋ ಜನ ಗೂಗಲ್‌ನಲ್ಲಿ ಹುಡುಕಿ, ಸರಿಯಾದ ಉತ್ತರ ಸಿಗದೆ ಬೇರೆ ಕಡೆ ಹೋಗಿರುತ್ತಾರೆ.

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಜಾಗ

ಇದೊಂದನ್ನೇ ಮಾಡಿ ಉಳಿದದ್ದೆಲ್ಲ ಬಿಟ್ಟರೂ ನಾನು ಬೈಯುವುದಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಇದೆ, ಪೂರ್ತಿ ಉಚಿತ. ಹೆಸರು, ಫೋನ್ ನಂಬರ್, ಸಮಯ, ಫೋಟೋ ಹಾಕಬೇಕು. ಜಾಗ ನಿಮ್ಮದೇ ಅಂತ ಗೂಗಲ್ ಖಾತ್ರಿ ಮಾಡಿಕೊಳ್ಳುತ್ತದೆ, ಅದಕ್ಕೆ ಅಂಗಡಿಯ ಅಥವಾ ಮನೆಯ ವಿಡಿಯೋ ತೆಗೆದು ಕಳಿಸಲು ಹೇಳಬಹುದು, ಗಾಬರಿ ಬೇಡ.

ನಮ್ಮ ಕಡೆ ದೊಡ್ಡ ತಲೆನೋವು ಮ್ಯಾಪಿನ ಪಿನ್. ಊರಿನ ಹೆಸರು ಹಾಕಿ ಬಿಟ್ಟರೆ ಅದು ಎಲ್ಲೋ ಗುಡ್ಡದ ಆಚೆ ಹೋಗಿ ಕೂತಿರುತ್ತದೆ. ಬೆಂಗಳೂರಿನಿಂದ ಬಂದವರು ಅದನ್ನೇ ನಂಬಿ, ಕತ್ತಲಾದ ಮೇಲೆ, ನೆಟ್‌ವರ್ಕ್ ಇಲ್ಲದ ಮಣ್ಣುರಸ್ತೆಯಲ್ಲಿ ಯಾರದೋ ಅಡಿಕೆ ತೋಟದ ದಣಪೆ (ಗೇಟು) ಮುಂದೆ ನಿಲ್ಲುತ್ತಾರೆ. ಅಂಗಳದಲ್ಲೇ ನಿಂತು ಪಿನ್ ಸರಿ ಮಾಡಿ. ಜೊತೆಗೆ ದಾರಿಯನ್ನು ಮಾತಲ್ಲೂ ಬರೆಯಿರಿ: ಯಾವ ಕಮಾನು ದಾಟಿ ಯಾವ ಕಡೆ ತಿರುಗಬೇಕು, ಎಲ್ಲಿಂದ ನೆಟ್‌ವರ್ಕ್ ಹೋಗುತ್ತದೆ, ಅದಕ್ಕೆ ಮೊದಲೇ ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡು ಒಂದು ಫೋನ್ ಮಾಡಿ ಅಂತ.

ರಿವ್ಯೂ ಕೇಳಲು ಸಂಕೋಚ ಬೇಡ. ಹೊರಡುವಾಗ ಖುಷಿಯಲ್ಲಿದ್ದವರಿಗೆ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ, ಅಷ್ಟೇ. ಆದರೆ ರಿವ್ಯೂ ಬರೆದರೆ ಡಿಸ್ಕೌಂಟ್ ಅಂತ ಹೇಳಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ. ಯಾರೋ ಒಂದು ಸ್ಟಾರ್ ಕೊಟ್ಟು ‘ಬಿಸಿನೀರು ಬರಲಿಲ್ಲ’ ಅಂತ ಬರೆದರೆ ಜಗಳಕ್ಕೆ ಇಳಿಯದೆ ಉತ್ತರ ಕೊಡಿ. ‘ಹಂಡೆ ಒಲೆ ನಮ್ಮದು, ಬೆಳಿಗ್ಗೆ ಆರೂವರೆಗೆ ಬಿಸಿನೀರು ಸಿದ್ಧ, ಅದನ್ನು ನಿಮಗೆ ಮೊದಲೇ ಹೇಳಬೇಕಿತ್ತು.’ ಅದನ್ನು ಓದುವ ಮುಂದಿನ ಗಿರಾಕಿಗೆ ಹಂಡೆ ನೀರಿನ ಸ್ನಾನವೇ ಬೇಕಾಗಿರಬಹುದು.

ಬ್ಲಾಗ್ ಬರೆಯೋದು ಹೀಗೆ

ಈಗ ಬ್ಲಾಗ್ ಯಾರು ಓದ್ತಾರೆ ಮಾರಾಯ್ರೆ ಅಂತ ಕೇಳುವವರಿದ್ದಾರೆ. ನಿಮ್ಮ ಬ್ಲಾಗಿಗೆ ದಿನಾ ಬಂದು ಓದುವವರು ಯಾರೂ ಇರುವುದಿಲ್ಲ, ನಿಜ. ಇರಬೇಕಾಗಿಯೂ ಇಲ್ಲ. ರಜೆ ಹಾಕಿ, ಮನೆಯವರನ್ನೆಲ್ಲ ಒಪ್ಪಿಸಿ, ದುಡ್ಡು ಎತ್ತಿಟ್ಟು, ಈಗ ಗೂಗಲ್ ಮುಂದೆ ಕೂತು ಹುಡುಕುತ್ತಿರುವ ಒಬ್ಬ ಮನುಷ್ಯನಿಗೆ ಆ ಹೊತ್ತಿಗೆ ನಿಮ್ಮ ಪುಟ ಸಿಕ್ಕಿದರೆ ಸಾಕು. ರೀಲ್ ನೋಡುವವನು ಬೇಜಾರು ಕಳೆಯಲು ನೋಡುತ್ತಿರುತ್ತಾನೆ. ಹುಡುಕುವವನು ಖರ್ಚು ಮಾಡಲು ತಯಾರಾಗಿ ಕೂತಿರುತ್ತಾನೆ.

ಉಂಬಳದ ಪ್ರಶ್ನೆಯನ್ನೇ ತಗೊಳ್ಳಿ. ಹೆಚ್ಚಿನವರು ಇದನ್ನು ಮುಚ್ಚಿಡುತ್ತಾರೆ. ನೀವು ನೇರ ಬರೆಯಿರಿ. ಶೀರ್ಷಿಕೆ: ‘ಮಳೆಗಾಲದಲ್ಲಿ ಶಿರಸಿಗೆ ಬಂದರೆ ಉಂಬಳ ಕಚ್ಚುತ್ತಾ?’ ಮೊದಲ ಸಾಲಲ್ಲೇ ಉತ್ತರ: ‘ಹೌದು, ಮಳೆಯ ದಿನಗಳಲ್ಲಿ ತೋಟಕ್ಕೆ ಇಳಿದರೆ ಕಚ್ಚುತ್ತೆ.’ ಆಮೇಲೆ ಅಂಗಳದಲ್ಲೂ ಇರುತ್ತಾ, ಚಿಕ್ಕ ಮಕ್ಕಳನ್ನು ಯಾವ ದಾರಿಯಲ್ಲಿ ಕರೆದುಕೊಂಡು ಹೋಗಬಹುದು, ನೀವು ಮನೆಯವರು ಸುಣ್ಣ ಹಚ್ಚುತ್ತೀರೋ ಉಪ್ಪಿನ ಪೊಟ್ಟಣ ಹಿಡಿದು ಹೋಗುತ್ತೀರೋ, ಬಂದವರಿಗೆ ಗಮ್‌ಬೂಟ್ ಕೊಡುತ್ತೀರಾ, ಎಲ್ಲ ಬರೆಯಿರಿ. ಬೂಟಿನ ಮೇಲೆ ಹತ್ತುತ್ತಿರುವ ಉಂಬಳದ ಒಂದು ಫೋಟೋ ಹಾಕಿ. ಕೊನೆಗೆ ಬಾಡಿಗೆ, ಫೋನ್ ನಂಬರ್. ಇದನ್ನು ಓದಿ ಹೆದರುವವರು ಬರುವುದಿಲ್ಲ, ಒಳ್ಳೆಯದೇ ಆಯ್ತು. ಅವರು ಬಂದು, ಹೆದರಿ, ಒಂದು ಸ್ಟಾರ್ ಕೊಟ್ಟು ಹೋಗುವುದು ತಪ್ಪಿತು. ಬಂದವರು ತಯಾರಾಗಿಯೇ ಬರುತ್ತಾರೆ.

ಮುರುಡೇಶ್ವರದ ಶಿವನ ಮೂರ್ತಿ 123 ಅಡಿ ಅಂತ ಬರೆಯಬೇಡಿ, ಅದು ಬೇರೆ ಎಲ್ಲ ಕಡೆ ಇದೆ. ಶಿವರಾತ್ರಿ ದಿನ ಅಲ್ಲಿಗೆ ಹೋದರೆ ಕಾರು ಎಲ್ಲಿ ನಿಲ್ಲಿಸಬೇಕು, ವಯಸ್ಸಾದವರಿಗೆ ಎಷ್ಟು ನಡೆಯಬೇಕಾಗುತ್ತೆ, ಅದನ್ನು ಬರೆಯಿರಿ. ಯಾಣಕ್ಕೆ ಕುಮಟಾದಿಂದ ಬರುವುದು ಸುಲಭವೋ ಶಿರಸಿಯಿಂದಲೋ, ಪಾರ್ಕಿಂಗ್‌ನಿಂದ ಬಂಡೆಯ ತನಕ ಮೊಣಕಾಲು ನೋವಿನವರು ನಡೆಯಬಹುದೋ, ಇವನ್ನು ಊರಲ್ಲಿ ಇರುವವರಷ್ಟೇ ಸರಿಯಾಗಿ ಹೇಳಬಲ್ಲರು. ಎಐ ಹತ್ತಿರ ಬರೆಸಿದರೆ ‘ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ’ ಅಂತ ಬರುತ್ತದೆ, ಮೊಣಕಾಲಿನ ವಿಷಯ ಬರುವುದಿಲ್ಲ.

ಎಲ್ಲಿ ಬರೆಯುವುದು? ಗೂಗಲ್‌ನ ಬ್ಲಾಗರ್ ಉಚಿತ, ಶುರುವಿಗೆ ಸಾಕು. ಸ್ವಂತ ಡೊಮೈನ್ ಹೆಸರಿಗೆ, ಅಂದರೆ ನಿಮ್ಮದೇ ವೆಬ್ ವಿಳಾಸಕ್ಕೆ, ವರ್ಷಕ್ಕೆ ಸ್ವಲ್ಪ ದುಡ್ಡು ಆಗುತ್ತೆ, ಆದರೆ ತಗೊಳ್ಳಿ. ನಾಳೆ ಬ್ಲಾಗರ್ ಬಿಟ್ಟು ಬೇರೆ ಕಡೆ ಹೋದರೂ ವಿಳಾಸ ಅದೇ ಇರುತ್ತೆ. ಗೂಗಲ್ ಸರ್ಚ್ ಕನ್ಸೋಲ್ ಜೋಡಿಸಿಕೊಂಡರೆ ಜನ ಯಾವ ಪದ ಹುಡುಕಿ ನಿಮ್ಮ ಪುಟಕ್ಕೆ ಬಂದರು ಅಂತ ಕಾಣಿಸುತ್ತದೆ, ಅದೂ ಉಚಿತವೇ. ಭಾಷೆ? ಹೋಮ್‌ಸ್ಟೇಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬೇರೆ ಬೇರೆ ಪುಟ ಮಾಡಿ. ಉಪ್ಪಿನಕಾಯಿ, ಹಪ್ಪಳ, ತೊಡೆದೇವು (ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ) ಮಾರುವವರಿಗೆ ಕನ್ನಡವೇ ಮೊದಲು. ಊರು ಬಿಟ್ಟು ಬೆಂಗಳೂರು, ಮುಂಬೈ ಸೇರಿದ ನಮ್ಮವರೇ ನಿಮ್ಮ ದೊಡ್ಡ ಗಿರಾಕಿಗಳು.

ಬರೆದ ಮರುದಿನ ಫೋನ್ ಬರುವುದಿಲ್ಲ. ಹೊಸ ಪುಟ ಗೂಗಲ್‌ನಲ್ಲಿ ಮೇಲೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಡಿಸೆಂಬರ್ ರಜೆಗೆ ಬರುವವರಿಗಾಗಿ ಜೂನ್, ಜುಲೈನಲ್ಲೇ ಬರೆದಿರಬೇಕು. ಮೀನುಗಾರಿಕೆ ನಿಷೇಧ ಇದ್ದು, ಯಾಂತ್ರಿಕ ದೋಣಿಗಳೆಲ್ಲ ದಡ ಹತ್ತಿ, ಪ್ರವಾಸಿಗರೂ ಕಡಿಮೆ ಇರುವ ಆ ಎರಡು ತಿಂಗಳು ಕರಾವಳಿಯವರಿಗೆ ಬರೆಯಲು ಹೇಳಿ ಮಾಡಿಸಿದ ಹೊತ್ತು. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಟ್ಯಾಗ್ (ಒಂದು ಪ್ರದೇಶದ ವಿಶೇಷ ಉತ್ಪನ್ನಕ್ಕೆ ಸಿಗುವ ಅಧಿಕೃತ ಗುರುತು) ಬಂತು, ಹೊರಗಿನವರೂ ಅದರ ಹೆಸರು ಕೇಳಿದ್ದಾರೆ. ಆದರೆ ಹಣ್ಣು ಬರುವುದು ಮೇ ಹೊತ್ತಿಗೆ, ಅದೂ ಕೆಲವೇ ವಾರ. ಬುಟ್ಟಿ ತುಂಬಿದ ಮೇಲೆ ಬರೆಯಲು ಕೂತರೆ ಪುಟ ಮೇಲೆ ಬರುವಷ್ಟರಲ್ಲಿ ಮರ ಖಾಲಿ. ಚಳಿಗಾಲದಲ್ಲೇ ಬರೆದಿಡಿ. 2019ರಲ್ಲಿ ಜಿಐ ಪಡೆದ ಶಿರಸಿ ಸುಪಾರಿ ಮಾರುವವರೂ ಒಂದು ವಿಷಯ ನೆನಪಿಡಿ, ಜಿಐ ಲಾಂಛನ ಹಾಕಿಕೊಳ್ಳಲು ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿರಬೇಕು.

ಇಷ್ಟೆಲ್ಲ ಮಾಡಿ ಲಾಭ ಏನು? ಲೆಕ್ಕ ಹಾಕಿ. ರೂಮ್ ಬುಕಿಂಗ್ ಸೈಟುಗಳು ನೂರಕ್ಕೆ ಹದಿನೈದೋ ಅದಕ್ಕಿಂತ ಜಾಸ್ತಿಯೋ ಕಮಿಷನ್ ತಗೊಳ್ಳುವುದು ಸಾಮಾನ್ಯ. ದಿನಕ್ಕೆ 3,000 ರೂಪಾಯಿಯ ಕೋಣೆ ಎರಡು ದಿನಕ್ಕೆ ಹೋದರೆ, 15 ಪರ್ಸೆಂಟ್ ಅಂದರೂ 900 ರೂಪಾಯಿ ಅವರಿಗೆ. ಅದೇ ಗಿರಾಕಿ ನಿಮ್ಮ ಪುಟ ಓದಿ ನೇರ ಫೋನ್ ಮಾಡಿದರೆ ಆ 900 ನಿಮ್ಮದು. ಅಂಥ ಹತ್ತು ಬುಕಿಂಗ್ ಬಂದರೆ 9,000. ಉಂಬಳದ ಪುಟ ಬರೆಯಲು ಒಂದು ಮಧ್ಯಾಹ್ನ ಹೋಗಿರಬಹುದು.

ಇನ್‌ಸ್ಟಾ ಮತ್ತು ಫೇಸ್‌ಬುಕ್

ಇವು ಬೇಡ ಅಂತ ನಾನು ಹೇಳುತ್ತಿಲ್ಲ. ಕಣ್ಣಿಗೆ ಬೀಳಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಜಾಗ ತೋರಿಸುವ ಬದಲು ಕೆಲಸ ತೋರಿಸಿ. ಕಬ್ಬಿನ ಹಾಲು ಬೆರೆಸಿದ ಅಕ್ಕಿ ಹಿಟ್ಟಿನಲ್ಲಿ ಬಟ್ಟೆ ಅದ್ದಿ, ಕಾದ ಗಡಿಗೆಯ ಬೆನ್ನ ಮೇಲೆ ಒಂದೇ ಸಲಕ್ಕೆ ಎಳೆದು, ಕಾಗದದಷ್ಟು ತೆಳ್ಳಗೆ ಎದ್ದ ತೊಡೆದೇವನ್ನು ಬಿಸಿ ಇರುವಾಗಲೇ ಮಡಚುವುದು, ಇದಿಷ್ಟು ಅರ್ಧ ನಿಮಿಷದ ವಿಡಿಯೋ. ಹಿನ್ನೆಲೆಯಲ್ಲಿ ಸಿನಿಮಾ ಹಾಡು ಬೇಡ, ಹಿಟ್ಟು ಗಡಿಗೆಗೆ ತಾಗಿದಾಗ ಬರುವ ಚುರ್ ಅನ್ನೋ ಸದ್ದೇ ಸಾಕು. ಬೆಳಕು ಬಾಗಿಲ ಕಡೆಯಿಂದ ಬರಲಿ, ಮೊಬೈಲನ್ನು ಡಬ್ಬಕ್ಕೆ ಒರಗಿಸಿ ಇಡಿ. ಮಾಡುವವರಿಗೆ ಮುಖ ತೋರಿಸಲು ಇಷ್ಟವಿಲ್ಲದಿದ್ದರೆ ಬರೀ ಕೈ ಸಾಕು. ಕೆಳಗೆ ಬೆಲೆ ಬರೆಯಿರಿ, ಒಂದು ಪ್ಯಾಕೆಟ್‌ನಲ್ಲಿ ಎಷ್ಟು, ಕೊರಿಯರ್ ಖರ್ಚು ಎಷ್ಟು, ಎಂದು ಕಳಿಸುತ್ತೀರಿ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಅಂತ ಹಾಕಿದರೆ ಅರ್ಧ ಜನ ಅಲ್ಲೇ ವಾಪಸ್. ಇನ್‌ಸ್ಟಾದಲ್ಲಿ ಫೋಟೋ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಹಾಗಾಗಿ ಲಿಂಕನ್ನು ಪ್ರೊಫೈಲ್‌ನಲ್ಲಿ ಇಡಿ.

ದಿನಾ ಹಾಕಬೇಕು ಅನ್ನೋ ಹಟ ಬೇಡ, ವಾರಕ್ಕೆ ಎರಡು ಸಾಕು.

ಎಲ್ಲವನ್ನೂ ಒಂದೇ ಆ್ಯಪ್ ಮೇಲೆ ಮಾತ್ರ ಹೊರಿಸಬೇಡಿ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಲಕ್ಷ ಲಕ್ಷ ಫಾಲೋವರ್ಸ್ ಇದ್ದವರದ್ದೂ ಒಮ್ಮೆಲೇ ಹೋಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾ, ವಾಟ್ಸಾಪ್ ಮೂರೂ ಒಟ್ಟಿಗೆ ಗಂಟೆಗಟ್ಟಲೆ ನಿಂತಿದ್ದವು. ಗಿರಾಕಿಗಳ ಹೆಸರು, ನಂಬರ್, ಊರು, ಅವರು ಏನು ತಗೊಂಡರು ಅನ್ನೋದು ನಿಮ್ಮ ನೋಟ್‌ಬುಕ್ಕಿನಲ್ಲೂ ಇರಲಿ.

ವಾಟ್ಸಾಪ್ ಬಿಸಿನೆಸ್

ವ್ಯಾಪಾರ ಮಾಡುವವರಿಗೆಂದೇ ಇರುವ ವಾಟ್ಸಾಪ್ ಇದು, ಇದೂ ಉಚಿತ. ಕ್ಯಾಟಲಾಗ್‌ನಲ್ಲಿ ಫೋಟೋ, ಬೆಲೆ ಹಾಕಿಡಿ. ಪದೇ ಪದೇ ಕೇಳುವ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡು ಒಂದೇ ಒತ್ತಿಗೆ ಕಳಿಸಬಹುದು, ಬ್ಲಾಗಿನ ಲಿಂಕೂ ಅದರಲ್ಲೇ ಹೋಗಲಿ. ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಪಟ್ಟಿ) ಮಾಡಿದರೆ ಮೆಸೇಜ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಪಾರ್ಸೆಲ್ ಒಳಗೆ ಒಂದು ಚೀಟಿ ಹಾಕಿ: ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಹಲಸಿನ ಹಪ್ಪಳ ಆದಾಗ ಮೆಸೇಜ್ ಹಾಕ್ತೇವೆ.’ ಆಮೇಲೆ ಹಪ್ಪಳ ಆದಾಗ ಮಾತ್ರ ಹಾಕಿ. ಬೆಳಿಗ್ಗೆ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಕಳಿಸಿದರೆ ಬ್ಲಾಕ್ ಮಾಡುತ್ತಾರೆ.

ತಿನ್ನುವ ವಸ್ತು ಮಾರುವವರು ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆ 14 ಅಂಕಿಯ ನಂಬರನ್ನು ಲೇಬಲ್ ಮೇಲೆ ಹಾಕಲೇಬೇಕು. ಅದನ್ನೇ ಕ್ಯಾಟಲಾಗಿನಲ್ಲೂ ತೋರಿಸಿ, ನಂಬಿಕೆ ಬರುತ್ತದೆ.

ದುಡ್ಡು ಕೊಟ್ಟು ಜಾಹೀರಾತು

ಮೇಲಿನದ್ದೆಲ್ಲ ಆದ ಮೇಲೆ ಮಾತ್ರ. ಪೋಸ್ಟನ್ನು ದುಡ್ಡಿಗೆ ಹೆಚ್ಚು ಜನಕ್ಕೆ ತೋರಿಸುವ ‘ಬೂಸ್ಟ್’ ಬಟನ್ ಸುಮ್ನೆ ಒತ್ತಬೇಡಿ, ಯಾವ ಊರಿನವರಿಗೆ ಅಂತ ಆರಿಸಿ. ಉದಾಹರಣೆಗೆ ದಿನಕ್ಕೆ 200ರಂತೆ ಹತ್ತು ದಿನ, 2,000 ರೂಪಾಯಿ ಹಾಕಿದಿರಿ, ನೋಟ್‌ಬುಕ್ ಪ್ರಕಾರ ಅದರಿಂದ ಎಂಟು ಆರ್ಡರ್ ಬಂತು ಅಂತ ಇಟ್ಟುಕೊಳ್ಳಿ. ಒಂದು ಆರ್ಡರಿಗೆ 250 ಖರ್ಚು ಬಿತ್ತು. ಡಬ್ಬ, ಕೊರಿಯರ್ ಕಳೆದು ನಿಮಗೆ ಉಳಿಯುವುದು 150 ಆದರೆ, ಒಂದೊಂದು ಆರ್ಡರಿಗೆ 100 ಕೈಯಿಂದ ಹೋಯಿತು. ಆ ಗಿರಾಕಿಗಳು ಮತ್ತೆ ತಗೊಂಡರೆ ಸರಿ, ಇಲ್ಲದಿದ್ದರೆ ನಿಲ್ಲಿಸಿ. ಉಚಿತವಾಗಿ ಉಳಿದುಕೊಂಡು ವಿಡಿಯೋ ಮಾಡಿಕೊಡ್ತೇವೆ ಅಂತ ಬರುವ ಇನ್‌ಫ್ಲುಯೆನ್ಸರ್‌ಗಳಿಗೂ ಇದೇ ಲೆಕ್ಕ. ಒಪ್ಪಿದರೆ, ಇದು ಪ್ರಚಾರದ ವಿಡಿಯೋ ಅಂತ ಅವರು ಕಾಣುವಂತೆ ಹಾಕಬೇಕು, ಅದನ್ನು ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ವಿಷಯ. ಈ ಖಾತೆಗಳನ್ನೆಲ್ಲ ತೆರೆದುಕೊಡುವುದು ಸಾಮಾನ್ಯವಾಗಿ ಮನೆಯ ಹುಡುಗರು, ಅಣ್ಣನ ಮಗನೋ ಪಕ್ಕದ ಮನೆಯವನೋ. ಅವನು ತನ್ನ ಜಿಮೇಲ್, ತನ್ನ ನಂಬರ್ ಹಾಕಿ ತೆರೆದು, ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಫೋನ್ ಬದಲಿಸಿ, ಪಾಸ್‌ವರ್ಡ್ ಮರೆತಿರುತ್ತಾನೆ. ಡೊಮೈನ್, ಜಿಮೇಲ್, ಇನ್‌ಸ್ಟಾ, ಗೂಗಲ್ ಪ್ರೊಫೈಲ್ ಎಲ್ಲ ನಿಮ್ಮ ಹೆಸರಲ್ಲಿ, ನಿಮ್ಮ ನಂಬರಿನಲ್ಲಿ ಇರಲಿ, ಅವನಿಗೆ ಬೇಕಿದ್ದರೆ ಮ್ಯಾನೇಜರ್ ಅಂತ ಸೇರಿಸಿಕೊಳ್ಳಿ. ಪಾಸ್‌ವರ್ಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ತೋಟದ ಕಾಗದಪತ್ರದ ಜೊತೆ ಇಡಿ. ಫೋನ್ ಪಕ್ಕದ ಆ ನೋಟ್‌ಬುಕ್ಕಿನಲ್ಲಿ ಮಾತ್ರ ಬರೆಯಬೇಡಿ, ಅದನ್ನು ಬಂದವರೆಲ್ಲ ತಿರುವಿ ನೋಡುತ್ತಾರೆ.