ಜಾತ್ರೆ ಬಂಡಿಯ ಹಾಗೆ ಪಿಕಪ್: ಕಳಚಿಡುವ ಮಂಚ, ಕಮಾನು ಕಟ್ಟಿಕೊಳ್ಳುವುದು ಹೇಗೆ?

ಬನಶಂಕರಿ ಜಾತ್ರೆಗೆ ಬಂಡಿ ಕಟ್ಟುವ ಹಿಂದಿನ ದಿನ ನಮ್ಮಜ್ಜ ಅದನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಅಲ್ಲಿಯವರೆಗೆ ತಿಪ್ಪೆಗೊಬ್ಬರ ಹೊತ್ತ ಬಂಡಿ ಅದು. ಬಿದಿರು ಬಗ್ಗಿಸಿ ಕಮಾನು, ಅದರ ಮೇಲೆ ಚಾಪೆ, ಒಳಗೆ ಹುಲ್ಲು, ಹುಲ್ಲಿನ ಮೇಲೆ ಜಮಖಾನ. ರಾತ್ರಿ ಎಲ್ಲಿ ಎತ್ತು ಬಿಚ್ಚುತ್ತಿದ್ದೆವೋ ಅಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದರು. ಊರಿಗೆ ಮರಳಿದ ಮಾರನೇ ದಿನ ಕಮಾನು ಅಟ್ಟ ಸೇರುತ್ತಿತ್ತು, ಬಂಡಿ ಮತ್ತೆ ಹೊಲಕ್ಕೆ.

ಪಿಕಪ್ಪಿನಲ್ಲಿ ಮಲಗಿ ಊರೂರು ಸುತ್ತುವ ಆಸೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಇಸುಜು ವಿ-ಕ್ರಾಸ್ 2016ರಲ್ಲಿ, ಟೊಯೊಟಾ ಹೈಲಕ್ಸ್ 2022ರಲ್ಲಿ ನಮ್ಮ ಮಾರುಕಟ್ಟೆಗೆ ಬಂದವು. ಬೊಲೆರೊ ಕ್ಯಾಂಪರ್ ಅದಕ್ಕೂ ಮೊದಲಿನಿಂದ ಹಳ್ಳಿಹಳ್ಳಿಗೂ ಪರಿಚಿತ. ಗಾಡಿ ಯಾವುದೇ ಇರಲಿ, ಮಾಡುವುದನ್ನೆಲ್ಲ ಸೋಮವಾರ ಬೆಳಿಗ್ಗೆ ಇಬ್ಬರು ಸೇರಿ ಅರ್ಧ ಗಂಟೆಯಲ್ಲಿ ಇಳಿಸಿಡುವಂತಿರಬೇಕು. ಈ ಲೇಖನದ ಪ್ರತಿ ಅಳತೆಯೂ ಆ ಒಂದು ಷರತ್ತಿನಿಂದಲೇ ಹುಟ್ಟಿದ್ದು.

ಮೊದಲು ಆರ್‌ಸಿ ತೆಗೆದು ನೋಡಿ

ಕಳಚುವಂತಿರಬೇಕು ಎನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಚಾಸಿಗೆ ವೆಲ್ಡಿಂಗ್ ಮಾಡಿಸುವುದು, ಸಾಮಾನು ಹೇರುವ ಹಿಂಭಾಗದ, ಅಂದರೆ ತೊಟ್ಟಿಯ, ಗೋಡೆ ಎತ್ತರಿಸುವುದು, ಕಾಯಂ ಗೂಡು ಕೂರಿಸುವುದು ಇವೆಲ್ಲ ಆರ್‌ಟಿಒ ಕಚೇರಿಯ ಅನುಮತಿ ಕೇಳುವ ಕೆಲಸಗಳು. ತೊಟ್ಟಿಯೊಳಗೆ ಇಟ್ಟು ಬಿಗಿದ ಮಂಚ ಹಾಗಲ್ಲ, ಅದು ಸಾಮಾನು.

ಆರ್‌ಸಿಯಲ್ಲಿ ಎರಡು ತೂಕ ಬರೆದಿರುತ್ತದೆ: ಖಾಲಿ ಗಾಡಿಯದ್ದು, ತುಂಬಿದ ಗಾಡಿಯದ್ದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ನಿಮ್ಮ ಮಿತಿ. ಕ್ಯಾಬಿನ್ನಿನಲ್ಲಿ ಕೂರುವ ಜನರ ತೂಕವೂ ಆ ಮಿತಿಯೊಳಗೇ ಬರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ನಾನೂ ಮರೆತಿದ್ದೆ. ಮೊದಲ ಸಲ 18 ಎಂಎಂ ಪ್ಲೈವುಡ್ಡಿನಲ್ಲಿ ದೊಡ್ಡ ಡ್ರಾಯರುಗಳನ್ನು ಮಾಡಿಸಿದೆ. 8×4 ಅಡಿಯ ಅಂಥ ಒಂದು ಹಲಗೆಯೇ ಸುಮಾರು 36 ಕೆಜಿ ತೂಗುತ್ತದೆ, ನನಗೆ ಮೂರು ಹಲಗೆ ಬೇಕಾದವು. ನೀರಿನ ಕ್ಯಾನುಗಳನ್ನು ಕೈಗೆ ಸಿಗಲೆಂದು ಹಿಂಬಾಗಿಲ ಬಳಿಯೇ ಇಟ್ಟಿದ್ದೆ. ಹಿಂದಿನ ಅಚ್ಚಿಗಿಂತ ಹಿಂದೆ ಭಾರ ಬಿದ್ದರೆ ಗಾಡಿಯ ಮೂತಿ ಮೇಲೇಳುತ್ತದೆ. ಆ ರಾತ್ರಿ ಎದುರಿನ ಗಾಡಿಗಳವರೆಲ್ಲ ಲೈಟು ಹೊಡೆದು ಬೈದರು, ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಕೈಗೆ ಹಗುರವೆನಿಸಿ ಹೆದರಿಕೆಯಾಯಿತು. ಊರಿಗೆ ಬಂದವನೇ ಆ ಡ್ರಾಯರುಗಳನ್ನು ಬಿಚ್ಚಿಸಿದೆ.

ಮೊದಲು ಡಬ್ಬಿ, ಆಮೇಲೆ ಮಂಚ

ಎರಡನೇ ಸಲ ಬಡಿಗೇರ ಹತ್ತಿರ ಹೋದಾಗ ಅವರು ಟೇಪನ್ನೇ ಹೊರಗೆ ತೆಗೆಯಲಿಲ್ಲ. “ಮೊದ್ಲ ಡಬ್ಬಿ ತಗೊಂಡ್ ಬರ್ರಿ. ಡಬ್ಬಿ ನೋಡಿ ಮಂಚದ ಎತ್ತರ ಹಿಡಿಯೂಣು” ಅಂದರು. ಇಡೀ ಕೆಲಸದಲ್ಲಿ ಸಿಕ್ಕ ಅತಿ ಬೆಲೆಬಾಳುವ ಸಲಹೆ ಅದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗಳನ್ನು ಅಂಗಡಿಯಲ್ಲಿ ಆರಿಸಿ ತನ್ನಿ, ಅತಿ ಎತ್ತರದ ಡಬ್ಬಿಗೆ ಒಂದು ಇಂಚು ಸೇರಿಸಿ, ಅದು ನಿಮ್ಮ ಚೌಕಟ್ಟಿನ ಒಳ ಎತ್ತರ. ನನಗೆ ಬಂದ ಲೆಕ್ಕ, ಮಂಚದ ಒಟ್ಟು ಎತ್ತರ 12 ಇಂಚು. ಡ್ರಾಯರು, ಅದರ ಹಳಿ, ಬೀಗ ಯಾವುದೂ ಬೇಡ. ಡಬ್ಬಿಗಳು ಹಾಗೇ ಕೆಳಗೆ ಜಾರಿಕೊಂಡು ಹೋಗುತ್ತವೆ.

ಆಮೇಲೆ ತೊಟ್ಟಿಯ ಅಳತೆ. ಒಳ ಉದ್ದ, ಚಕ್ರದ ಮೇಲಿನ ಎರಡು ಉಬ್ಬುಗಳ ನಡುವಿನ ಅಗಲ, ಆ ಉಬ್ಬಿನ ಎತ್ತರ ಇವು ಮೂರನ್ನೂ ಎರಡೆರಡು ಸಲ ಹಿಡಿದು ಬರೆದಿಡಿ. ಕೆಳಗೆ ಕೊಟ್ಟಿರುವುದು 5 ಅಡಿ ಉದ್ದದ, ಉಬ್ಬುಗಳ ನಡುವೆ ಮೂರೂವರೆ ಅಡಿ ದಾಟಿದ ತೊಟ್ಟಿಗೆ ಹೊಂದುವ ಲೆಕ್ಕ. ನಿಮ್ಮದು ಗಿಡ್ಡವಿದ್ದರೆ ಹಲಗೆಯ ಅಳತೆ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಒಂದೇ ಹಲಗೆಯಲ್ಲಿ ಇಡೀ ಮಂಚ

ಐದಡಿಯಲ್ಲಿ ದೊಡ್ಡವರು ಕಾಲು ಚಾಚಲಾಗದು. ಹಿಂಬಾಗಿಲು ಇಳಿಸಿ ಅದರ ಮೇಲೆ ಒಂದು ಮಡಚುವ ತುಂಡು ಚಾಚಿದರೆ ಆರೂವರೆ ಅಡಿ ಸಿಗುತ್ತದೆ. 12 ಎಂಎಂ ದಪ್ಪದ, ನೀರು ತಡೆಯುವ ಒಂದೇ ಒಂದು ಪ್ಲೈವುಡ್ ಹಲಗೆ ತನ್ನಿ. ಅದರ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯೇ ನೋಡಿ, ಮರೈನ್ ಪ್ಲೈ ಎಂದು ಅಂಗಡಿಯವರು ಕೊಡುವುದು ಅದೇ. ತೂಕ ಸುಮಾರು 24 ಕೆಜಿ. ಎಂಟಡಿ ಉದ್ದವನ್ನು ಹೀಗೆ ಕೊಯ್ಯಿಸಿ: 20 ಇಂಚಿನ ಮೂರು ತುಂಡು, 18 ಇಂಚಿನ ಒಂದು ತುಂಡು. ಉಳಿಯುವುದು ಸುಮಾರು 18 ಇಂಚು. ಗರಗಸ ತಿನ್ನುವ ಪುಡಿ ಈ ಕೊನೆಯ ತುಂಡಿನಲ್ಲೇ ಕಡಿಮೆಯಾಗಲಿ. ಮೂರು ತುಂಡು ಮಂಚ, ನಾಲ್ಕನೆಯದು ಕಾಲಿನ ಕಡೆಯ ಚಾಚು, ಐದನೆಯದು ಅಡುಗೆ ಮಣೆ. ಅಗಲ 4 ಅಡಿ ಹಾಗೇ ಇರಲಿ, ಇಬ್ಬರಿಗೆ ಸಾಕು. ಕೊಯ್ದ ಅಂಚುಗಳಿಗೆ ಎರಡು ಕೋಟ್ ವಾರ್ನಿಶ್ ಹೊಡೆಯದೆ ಗಾಡಿಗೆ ಹಾಕಬೇಡಿ. ಪ್ಲೈವುಡ್ ನೀರು ಕುಡಿಯುವುದು ಮೇಲ್ಮೈಯಿಂದಲ್ಲ, ಅಂಚಿನಿಂದ.

ಕೆಳಗಿನ ಚೌಕಟ್ಟಿಗೆ 25×25 ಎಂಎಂ, 2 ಎಂಎಂ ದಪ್ಪದ ಕಬ್ಬಿಣದ ಸ್ಕ್ವೇರ್ ಪೈಪ್. ಒಂದೇ ದೊಡ್ಡ ಚೌಕಟ್ಟು ಮಾಡಿಸಿದರೆ ಎತ್ತಲು ನಾಲ್ಕು ಜನ ಬೇಕು. ಅದರ ಬದಲು 42 ಇಂಚು ಅಗಲ, 30 ಇಂಚು ಉದ್ದದ ಎರಡು ಬೆಂಚು ಮಾಡಿಸಿ. ಅವು ಉಬ್ಬುಗಳ ನಡುವೆ ಕೂರುತ್ತವೆ, ಹಲಗೆ ಎರಡೂ ಬದಿಗೆ ಮೂರು ಮೂರು ಇಂಚು ಹೊರಚಾಚುತ್ತದೆ. ಪ್ರತಿ ಬೆಂಚಿಗೆ ನಾಲ್ಕು ಕಾಲು, ಕಾಲುಗಳ ಕೆಳಗೆ ಉದ್ದಕ್ಕೆ ಒಂದೊಂದು ಪಟ್ಟಿ, ಮೇಲೆ ಪ್ರತಿ 15 ಇಂಚಿಗೆ ಒಂದು ಅಡ್ಡಪಟ್ಟಿ. ಅಡ್ಡಪಟ್ಟಿ ಇನ್ನೂ ದೂರವಾದರೆ 12 ಎಂಎಂ ಹಲಗೆ ಮೊಣಕಾಲು ಊರಿದಾಗ ಬಾಗುತ್ತದೆ. ಒಂದು ಬೆಂಚಿಗೆ ಸುಮಾರು ಏಳೂವರೆ ಮೀಟರ್ ಪೈಪ್ ಹೋಗುತ್ತದೆ, ತೂಕ 11 ಕೆಜಿ ಆಸುಪಾಸು. ರೆಡ್ ಆಕ್ಸೈಡ್ ಹೊಡೆಸಿ, ಮೇಲೆ ಎನಾಮೆಲ್ ಬಣ್ಣ ಹಚ್ಚಿ.

ಕೂಡಿಸುವಾಗ ಗಮನಿಸಿ: ಬೆಂಚುಗಳು 30 ಇಂಚು, ಹಲಗೆಗಳು 20 ಇಂಚು. ಹಾಗಾಗಿ ನಡುವಿನ ಹಲಗೆ ಎರಡೂ ಬೆಂಚುಗಳ ಮೇಲೆ ಅರ್ಧರ್ಧ ಕೂರುತ್ತದೆ. ಅದನ್ನು ಎರಡಕ್ಕೂ ಬೋಲ್ಟು ಹಾಕಿ ಬಿಗಿದರೆ ಇಡೀ ಮಂಚ ಒಂದಾಗುತ್ತದೆ. ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು ಹಾಕಿ, ಸ್ಪ್ಯಾನರ್ ಹುಡುಕುವ ಕೆಲಸ ತಪ್ಪುತ್ತದೆ. ಮುಂದಿನ ಹಲಗೆಗೆ ಬೋಲ್ಟು ಬೇಡ, ಜಾರದಂತೆ ಕೆಳಗೆ ಎರಡು ಮರದ ಗುಬುಟು ಸಾಕು. ಎತ್ತಿದರೆ ಒಳಗಿನ ಡಬ್ಬಿ ಮೇಲಿನಿಂದಲೇ ಸಿಗುತ್ತದೆ. 18 ಇಂಚಿನ ಚಾಚನ್ನು ಹಿಂದಿನ ಹಲಗೆಗೆ ತಿರುಗಣಿಯಿಂದ ಜೋಡಿಸಿ, ಅದಕ್ಕೆ ಮಡಚುವ ಎರಡು ಗಿಡ್ಡ ಕಾಲು ಕೊಡಿ. ಅವು ಇಳಿಸಿದ ಹಿಂಬಾಗಿಲಿನ ಮೇಲೆ, ಅದರ ಕೀಲಿನ ಹತ್ತಿರ ಊರಬೇಕು. ತಲೆ ಕ್ಯಾಬಿನ್ ಕಡೆ ಹಾಕಿ ಮಲಗಿದರೆ ಹಿಂಬಾಗಿಲ ಮೇಲೆ ಬೀಳುವುದು ಪಾದಗಳ ಭಾರ ಮಾತ್ರ.

ಬಿಗಿಯುವುದು

ಇಲ್ಲಿ ಆತುರ ಬೇಡ. ತೊಟ್ಟಿಯ ನೆಲಕ್ಕೆ ಡ್ರಿಲ್ಲಿಂಗ್ ಮಾಡುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಿ. ಕೆಳಗೆ ಡೀಸೆಲ್ ಟ್ಯಾಂಕು, ಬ್ರೇಕಿನ ಪೈಪು ಹಾದುಹೋಗಿರುತ್ತವೆ, ಕೊರೆದ ತೂತಿನಿಂದ ತುಕ್ಕು ಶುರುವಾಗುತ್ತದೆ. ಸಾಮಾನು ಕಟ್ಟಲೆಂದೇ ತೊಟ್ಟಿಯ ಮೂಲೆಗಳಲ್ಲಿ ಕಂಪನಿ ಕೊಟ್ಟ ಕೊಂಡಿಗಳಿರುತ್ತವೆ. ನಾಲ್ಕು ಮೂಲೆಗೆ ನಾಲ್ಕು ಟರ್ನ್‌ಬಕಲ್ (ತಿರುಗಿಸಿದಂತೆ ಎಳೆದು ಬಿಗಿಯುವ ಕೊಕ್ಕೆ) ಹಾಕಿ ಚೌಕಟ್ಟನ್ನು ಕೆಳಕ್ಕೆಳೆದು ಬಿಗಿಯಿರಿ, ಕಾಲಿನಡಿ ಹಳೆಯ ಟ್ಯೂಬಿನ ರಬ್ಬರ್ ತುಂಡು ಇಡಿ. ಬಿಗಿದ ಮೇಲೆ ಮಂಚವನ್ನು ಹಿಡಿದು ಜಗ್ಗಿದರೆ ಗಾಡಿಯೇ ಅಲುಗಾಡಬೇಕು, ಮಂಚ ಅಲ್ಲ. 20 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿಯಿರಿ, ಮೊದಲ ಓಟದಲ್ಲಿ ಎಲ್ಲ ಬೋಲ್ಟೂ ಸ್ವಲ್ಪ ಸಡಿಲುತ್ತವೆ. ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಇರಕೂಡದು, ಮಕ್ಕಳಂತೂ ಒಂದು ಫರ್ಲಾಂಗಿಗೂ ಬೇಡ.

ಕಮಾನು

ಹೊಲಕ್ಕೆ ನೀರು ಬಿಡುವ ಕಪ್ಪು ಎಚ್‌ಡಿಪಿಇ ಪೈಪು ಸುರುಳಿಯಲ್ಲಿ ಬರುವುದರಿಂದ ಮೊದಲೇ ಬಾಗಿರುತ್ತದೆ. 25 ಎಂಎಂ ಪೈಪಿನ 10 ಅಡಿಯ ಮೂರು ತುಂಡು ಸಾಕು. ಬೆಂಚುಗಳ ಹೊರಬದಿಗೆ 16 ಎಂಎಂ ಸರಳಿನ 8 ಇಂಚು ತುಂಡುಗಳನ್ನು ನೆಟ್ಟಗೆ ವೆಲ್ಡ್ ಮಾಡಿಸಿ, ಒಂದೊಂದು ಬದಿಗೆ ಮೂರು. ಪೈಪಿನ ಎರಡೂ ಬಾಯಿ ಆ ಸರಳುಗಳ ಮೇಲೆ ಕೂತರೆ ಕೊಲ್ಲಾರಿ ಬಂಡಿಯ ಕಮಾನೇ ಎದ್ದು ನಿಲ್ಲುತ್ತದೆ. ನೆತ್ತಿಯುದ್ದಕ್ಕೂ ಒಂದು ಬಿದಿರಿನ ಗಳ ಕಟ್ಟಿ, ಇಲ್ಲದಿದ್ದರೆ ಗಾಳಿಗೆ ಮೂರೂ ಒಂದೇ ಕಡೆ ವಾಲುತ್ತವೆ.

ಮೇಲೆ ಹೊದಿಸಲು 15×12 ಅಡಿಯ, 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ತಾಡಪಾಲು. ಅದರ ತೂಕ ಮೂರೂವರೆ ಕೆಜಿಯನ್ನೂ ಮುಟ್ಟುವುದಿಲ್ಲ. 15 ಅಡಿ ಅಡ್ಡಕ್ಕೆ ಬರಲಿ. ಅಂಚು ಕಡ್ಡಾಯವಾಗಿ ತೊಟ್ಟಿಯ ಗೋಡೆಯ ಹೊರಗೆ ಇಳಿಯಬೇಕು. ಒಳಗೆ ಇಳಿದರೆ ಮಳೆನೀರೆಲ್ಲ ಹಾಸಿಗೆಗೇ. ಹಿಂದಕ್ಕೆ ಉಳಿಯುವ ಭಾಗವನ್ನು ಎರಡು ಗಳಕ್ಕೆ ಎತ್ತಿ ಕಟ್ಟಿದರೆ ಅಡುಗೆಗೆ ಚಪ್ಪರ ಸಿಗುತ್ತದೆ. ಎರಡೂ ತುದಿಯನ್ನು ಪೂರ್ತಿ ಮುಚ್ಚಬೇಡಿ. ಇಬ್ಬರ ಉಸಿರಿನ ತೇವಕ್ಕೇ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ಹನಿ ಕಟ್ಟುತ್ತದೆ. ಸೊಳ್ಳೆ ಪರದೆಯನ್ನು ವೆಲ್ಕ್ರೋ ಪಟ್ಟಿಯಿಂದ ಅಂಟಿಸಿ, ಗಾಳಿ ಆಡಲಿ. ಮಲೆನಾಡಿನ ಮಳೆಗಾಲದಲ್ಲಿ ನೆಲದ ಡೇರೆಗಿಂತ ಈ ಮಂಚವೇ ಮೇಲು. ಇಂಬಳಗಳು ಅಷ್ಟು ಸುಲಭವಾಗಿ ಇಷ್ಟು ಎತ್ತರ ಹತ್ತುವುದಿಲ್ಲ. ಕಮಾನು ನಿಂತ ಗಾಡಿಗೆ ಮಾತ್ರ. ಹೊರಡುವ ಮೊದಲು ಇಳಿಸಿ, ಸುತ್ತಿ, ಹಿಂಬಾಗಿಲು ಮುಚ್ಚಿ.

ಕರೆಂಟು ಎಷ್ಟು ಬೇಕು?

ನನ್ನ ಅಭಿಪ್ರಾಯ ಕೇಳುವುದಾದರೆ, ಫ್ರಿಜ್ ಬಿಟ್ಟುಬಿಡಿ. 40 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ನಮ್ಮ ಸೆಕೆಯಲ್ಲಿ ದಿನಕ್ಕೆ ಸುಮಾರು 400ರಿಂದ 500 ವ್ಯಾಟ್-ಅವರ್ ತಿನ್ನುತ್ತದೆ. ಅದಕ್ಕಾಗಿ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿ ಬೇಕು, ಅದರಲ್ಲಿ ಹಿಡಿಯುವುದು 1280 ವ್ಯಾಟ್-ಅವರ್, ತೂಕ 12 ಕೆಜಿ ಹತ್ತಿರ. ಅದನ್ನು ತುಂಬಲು ಗಾಡಿಯ ಬ್ಯಾಟರಿಯಿಂದ ಡಿಸಿ-ಡಿಸಿ ಚಾರ್ಜರ್, 5 ಮೀಟರ್ ಕೇಬಲ್. 20 ಆಂಪಿಯರ್ ಹರಿಯುವಾಗ ಹೋಗಿ ಬರುವ 10 ಮೀಟರಿನಲ್ಲಿ 6 ಸ್ಕ್ವೇರ್ (ಚದರ ಎಂಎಂ) ತಾಮ್ರದ ಕೇಬಲ್ ಸುಮಾರು 0.6 ವೋಲ್ಟ್ ನುಂಗುತ್ತದೆ, 10 ಸ್ಕ್ವೇರ್ ಹಾಕಿದರೆ 0.4ಕ್ಕಿಂತ ಕಡಿಮೆ. ಹಾಕುವುದಾದರೆ 10 ಸ್ಕ್ವೇರ್ ಹಾಕಿ. ಫ್ಯೂಸ್ ಗಾಡಿಯ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ, ಎರಡನೇ ಬ್ಯಾಟರಿಯ ಬಳಿ ಇನ್ನೊಂದು. ಫ್ಯೂಸಿಗಿಂತ ಹಿಂದಿನ ಕೇಬಲ್ ಎಲ್ಲಾದರೂ ಉಜ್ಜಿ ಕಬ್ಬಿಣಕ್ಕೆ ತಾಗಿದರೆ ಬೆಂಕಿಯನ್ನು ತಡೆಯುವುದು ಏನೂ ಇರುವುದಿಲ್ಲ.

ಫ್ರಿಜ್ ಇಲ್ಲದಿದ್ದರೆ ಇಷ್ಟೂ ತಾಪತ್ರಯ ಇಲ್ಲ. ಎಲ್‌ಇಡಿ ಪಟ್ಟಿ, ಎರಡು ಫೋನು, ಒಂದು ಸಣ್ಣ ಫ್ಯಾನಿಗೆ 20 ಎಎಚ್ ಲಿಥಿಯಂ ಬ್ಯಾಟರಿ ಒಂದು ರಾತ್ರಿಗೆ ಸಾಕು. ಹಗಲು ಓಡುವಾಗ ಡ್ಯಾಶ್‌ಬೋರ್ಡಿನ 12 ವೋಲ್ಟ್ ಸಾಕೆಟ್ಟಿನಿಂದ, ಆ ಬ್ಯಾಟರಿಗೆಂದೇ ಇರುವ ಚಾರ್ಜರಿನಲ್ಲಿ ತುಂಬಿಕೊಳ್ಳುತ್ತದೆ. ಊಟದ ಚಿಂತೆ? ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡರೆ ವಾರವಾದರೂ ಕೆಡುವುದಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ನಡೆದುಹೋದವರ ಗಂಟಿನಲ್ಲಿ ಇದ್ದದ್ದೂ ಅದೇ ಬುತ್ತಿ.

ಒಲೆ, ನೀರು, ತೂಕ

ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ತೊಟ್ಟಿಯ ತಳದಲ್ಲಿ, ಮಂಚದ ಕೆಳಗೆ ನಿಲ್ಲುತ್ತದೆ. ಆದ್ದರಿಂದ 5 ಕೆಜಿ ಸಿಲಿಂಡರನ್ನು ಹಿಂಬಾಗಿಲ ಬಳಿ ನೆಟ್ಟಗೆ ನಿಲ್ಲಿಸಿ ಕಟ್ಟಿ, ತೊಟ್ಟಿಯ ನೀರಿಳಿಯುವ ತೂತುಗಳು ಮುಚ್ಚಿಲ್ಲವೇ ನೋಡಿ, ರಾತ್ರಿ ಸಿಲಿಂಡರನ್ನು ಕೆಳಗಿಳಿಸಿ ಗಾಡಿಯಿಂದ ದೂರ ಇಡಿ. ಅಡುಗೆ ಯಾವಾಗಲೂ ಹೊರಗೆ, ಇಳಿಸಿದ ಹಿಂಬಾಗಿಲಿನ ಮೇಲೆ ಆ ಐದನೇ ಹಲಗೆ ಹಾಸಿ. ಮಳೆ ಎಷ್ಟೇ ಜೋರಿದ್ದರೂ ಕಮಾನಿನೊಳಗೆ ಒಲೆ ಹಚ್ಚಕೂಡದು, ಇಂಜಿನ್ ಚಾಲೂ ಇಟ್ಟು ಮಲಗಕೂಡದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.

20 ಲೀಟರಿನ ಎರಡು ಕ್ಯಾನು ನೀರು, ಅಂದರೆ 40 ಕೆಜಿ, ಕ್ಯಾಬಿನ್ನಿಗೆ ತಾಗಿ ಮುಂದೆ ಇರಲಿ. ಈಗ ಲೆಕ್ಕ ಹಾಕೋಣ: ಮಂಚ 46, ನೀರು 40, ಹಾಸಿಗೆ ಹೊದಿಕೆ 12, ಒಲೆ ಪಾತ್ರೆ 15, ದಿನಸಿ 15, ಹಗ್ಗ ಹತಾರ 10, ಬಟ್ಟೆ ಚೀಲ 20, ಕಮಾನು ಬ್ಯಾಟರಿ ಸೇರಿ 10. ಒಟ್ಟು 168 ಕೆಜಿ. ಇದಕ್ಕೆ ನಿಮ್ಮ ಮನೆಮಂದಿಯ ತೂಕ ಕೂಡಿಸಿ ಆರ್‌ಸಿಯ ಮಿತಿಯ ಜೊತೆ ಹೋಲಿಸಿ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ನೋಡಿ, ತುಂಬಿದ ಗಾಡಿಗೆ ಹೇಳಿದಷ್ಟು ಗಾಳಿ ಟೈರಿಗೆ ಹಿಡಿಸಿ.

ಎಲ್ಲಿ ನಿಲ್ಲಿಸುವುದು?

ಅನುಮತಿ ಇಲ್ಲದೆ ಅರಣ್ಯದಲ್ಲಿ ತಂಗುವುದು ಅಪರಾಧ. ಬಂಡೀಪುರದ ದಾರಿಯಂತೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ 2009ರಿಂದಲೂ ವಾಹನಗಳಿಗೆ ಮುಚ್ಚಿರುತ್ತದೆ, ಸಂಜೆಯೊಳಗೆ ಈ ಕಡೆಯೋ ಆ ಕಡೆಯೋ ಇರಬೇಕು. ಸಕಲೇಶಪುರ, ಚಿಕ್ಕಮಗಳೂರಿನ ಎಷ್ಟೋ ಹೋಂಸ್ಟೇಗಳವರು ಮೊದಲೇ ಕೇಳಿದರೆ ಅಂಗಳದಲ್ಲಿ ಗಾಡಿ ನಿಲ್ಲಿಸಲು ಬಿಡುತ್ತಾರೆ. ಬಯಲುಸೀಮೆಯಲ್ಲಿ ನಾನು ಹೊಲದವರನ್ನೇ ಕೇಳುತ್ತೇನೆ. ಬೆಳಿಗ್ಗೆ ಬಿಸಿ ಬಿಸಿ ಚಹಾ ತಂದುಕೊಟ್ಟವರೇ ಹೆಚ್ಚು.

ನೆಲ ಸಮ ಇದೆಯೇ ಎಂದು ನೋಡಲು ಅರ್ಧ ನೀರಿರುವ ಬಾಟಲಿಯನ್ನು ಮಂಚದ ಮೇಲೆ ಅಡ್ಡ ಮಲಗಿಸಿ, ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ. ಇಳಿಜಾರು ತಪ್ಪದಿದ್ದರೆ ತಲೆಯ ಕಡೆ ಎತ್ತರವಿರುವಂತೆ ಗಾಡಿ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ಊರಿಗೆ ಬಂದ ದಿನವೇ ತಾಡಪಾಲನ್ನು ಹಗ್ಗಕ್ಕೆ ಹಾಕಿ ಒಣಗಿಸಿ. ಒದ್ದೆ ಮಡಚಿದರೆ ಮೂರೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಟರ್ನ್‌ಬಕಲ್ ಬಿಚ್ಚಿ, ಮೊದಲು ಹಲಗೆ, ಆಮೇಲೆ ಒಂದೊಂದೇ ಬೆಂಚು ಇಳಿಸಿ ಗೋಡೆಗೆ ಒರಗಿಸಿ. ರೆಕ್ಕೆ ನಟ್ಟುಗಳನ್ನು ಎಣಿಸಿ ಒಂದು ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಬೆಂಚಿನ ಕಾಲಿಗೇ ಕಟ್ಟಿಡಿ. ತೊಟ್ಟಿಗೆ ನೀರು ಹೊಡೆದು ತೊಳೆದರೆ ಬೆಳಿಗ್ಗೆ ಗೊಬ್ಬರದ ಚೀಲ ಏರಿಸಬಹುದು.