ಕಥೇಲಿ ಬಾಲ್ಯದ ಟ್ರಾಮಾ ಬರೆಯೋದು ಹೇಗೆ

ಬಾಲ್ಯದ ಟ್ರಾಮಾ ಅಂದ ತಕ್ಷಣ ನಾವು ಕೈ ಹಾಕೋದೇ ಫ್ಲ್ಯಾಶ್‌ಬ್ಯಾಕ್‌ಗೆ, ಅಪ್ಪ ಬೆಲ್ಟ್ ತೆಗೆದ, ಮಗು ಮೂಲೇಲಿ ಅಳ್ತಾ ಕೂತ್ಕೊಳ್ತು, ಮುಗೀತು. ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಆ ಮಗು ದೊಡ್ಡದಾಗಿ ಈಗ ಹೇಗೆ ಬದುಕ್ತಿದೆ ಅನ್ನೋದ್ರಿಂದ ಶುರು ಮಾಡಿ. ಗಂಡ ಮನೆಗೆ ಬಂದು ಕೀ ಟೇಬಲ್ ಮೇಲೆ ಇಟ್ನಾ ಎಸೆದ್ನಾ ಅಂತ ಒಳಗಿಂದಲೇ ಕೇಳಿಸ್ಕೊಂಡು, ಆಮೇಲಷ್ಟೇ ಬಾಯಿ ಬಿಡೋ ಹೆಂಗಸನ್ನ ಬರೀರಿ. ಗಂಡ ಪಾಪದೋನು, ಅವನಿಗೆ ಇದ್ಯಾವ್ದೂ ಗೊತ್ತೇ ಇಲ್ಲ. ಸೈಕಾಲಜೀಲಿ ಇದಕ್ಕೆ ಹೈಪರ್‌ವಿಜಿಲೆನ್ಸ್ ಅಂತಾರೆ, ಅಂದ್ರೆ ಅಪಾಯ ಬರುತ್ತೇನೋ ಅಂತ ಸದಾ ಕಿವಿ ನೆಟ್ಟಿರೋದು, ಆದ್ರೆ ಆ ಪದ ಕಥೆಯೊಳಗೆ ಬರೋದು ಬೇಡ, ಯಾಕಂದ್ರೆ ಎಲ್ರೂ ಹೀಗೇ ಇರ್ತಾರೆ ಅಂತಾನೇ ಅವಳು ಅಂದ್ಕೊಂಡಿರ್ತಾಳೆ.

ಹೊಡೆತ ಒಂದೇ ಅಲ್ಲ. 1998ರಲ್ಲಿ ಅಮೆರಿಕದಲ್ಲಿ ಬಂದ, ಬಾಲ್ಯದ ಕೆಟ್ಟ ಅನುಭವಗಳ ಬಗ್ಗೆ ಮಾಡಿದ ಏಸ್ (ACE) ಸ್ಟಡೀಲಿ ಅಮ್ಮ ಹೊಡೆಸ್ಕೊಳ್ಳೋದನ್ನ ನೋಡಿದ್ದು, ಮನೇಲಿ ಕುಡುಕರಿದ್ದಿದ್ದು, ಯಾರೋ ಜೈಲಿಗೆ ಹೋಗಿದ್ದು ಎಲ್ಲಾನೂ ಲೆಕ್ಕಕ್ಕೆ ತಗೊಂಡಿದ್ರು. ಉತ್ತರ ಕೊಟ್ಟೋರು ಹೆಲ್ತ್ ಇನ್ಶೂರೆನ್ಸ್ ಇದ್ದ ಮಾಮೂಲಿ ಜನ, ಅವರಲ್ಲೇ ಅರ್ಧಕ್ಕಿಂತ ಜಾಸ್ತಿ ಮಂದಿ ಒಂದಾದ್ರೂ ಇಂಥ ಅನುಭವ ಇದೆ ಅಂದ್ರು. ಹಾಗಾಗಿ ಕಥೆಯ ಮನೆ ಬಡವರದ್ದೇ ಆಗಿರ್ಬೇಕು ಅಂತೇನಿಲ್ಲ.

ನನ್ ಪ್ರಕಾರ ನಿಜವಾದ ಕಥೆ ಇರೋದು ಒಡಹುಟ್ಟಿದೋರ ಮಧ್ಯೆ. ಒಂದೇ ಮನೇಲಿ ಬೆಳೆದ್ರೂ ಮೂರು ಜನಕ್ಕೆ ಮೂರು ಬಾಲ್ಯ. ದೊಡ್ಡೋಳು ಒಂಬತ್ತನೇ ವಯಸ್ಸಿಗೇ ತಮ್ಮಂದಿರಿಗೆ ಅಮ್ಮ ಆಗ್ಬಿಟ್ಟಿರ್ತಾಳೆ, ಈಗ ಯಾರಾದ್ರೂ ಸಹಾಯ ಮಾಡೋಕೆ ಬಂದ್ರೆ ಸಿಡುಕ್ತಾಳೆ. ನಡುವಿನೋನು ಜಗಳ ಶುರುವಾಗೋ ವಾಸನೆ ಬಂದ್ರೆ ಸಾಕು ಜೋಕ್ ಹೊಡೀತಾನೆ. ಚಿಕ್ಕೋನು ಹುಟ್ಟೋ ಹೊತ್ತಿಗೆ ಅಪ್ಪ ಕುಡಿಯೋದು ಬಿಟ್ಟಾಗಿತ್ತು, ಅದಕ್ಕೇ ಅವನು "ನೀವೆಲ್ಲಾ ಸುಮ್ನೆ ದೊಡ್ಡದು ಮಾಡ್ತೀರಾ" ಅಂತಾನೆ, ಅವನು ಸುಳ್ಳೇನೂ ಹೇಳ್ತಿಲ್ಲ. ಈ ಮೂವರನ್ನ ಒಂದು ಮದುವೆ ಮನೇಲೋ ಆಸ್ಪತ್ರೆ ಕಾರಿಡಾರಲ್ಲೋ ಒಟ್ಟಿಗೆ ಕೂರಿಸಿ, ನೀವು ಜಾಸ್ತಿ ಏನೂ ಮಾಡ್ಬೇಕಾಗಲ್ಲ.

ಅಪ್ಪನ್ನ ಪೂರ್ತಿ ರಾಕ್ಷಸ ಮಾಡಿದ್ರೆ ಕೆಲಸ ಸುಲಭ ಆಗುತ್ತೆ, ಕಥೆ ಕೆಡುತ್ತೆ. ಹೊಡೆದ ಅಪ್ಪನೇ ಜ್ವರ ಬಂದಾಗ ರಾತ್ರಿಯೆಲ್ಲಾ ಹಣೆ ಮೇಲೆ ಒದ್ದೆ ಬಟ್ಟೆ ಇಟ್ಟಿರ್ತಾನೆ. ಹೆದರಿದ ಮಗು ಓಡೋದು ಅಪ್ಪ ಅಮ್ಮನ ಹತ್ರಾನೇ, ಹೆದರಿಸೋರೂ ಅವರೇ ಆದ್ರೆ ಅದು ಹೋಗೋದಾದ್ರೂ ಎಲ್ಲಿಗೆ? ತಪ್ಪು ನಂದೇ ಇರ್ಬೇಕು ಅಂದ್ಕೊಳ್ಳೋದೇ ಅದಕ್ಕೆ ಸೇಫು.

ಕೊನೇಲಿ ಅಪ್ಪ ಕಣ್ಣೀರು ಹಾಕ್ಕೊಂಡು ಸಾರಿ ಕೇಳೋ ಸೀನ್ ದಯವಿಟ್ಟು ಬೇಡ. ಮಗಳು ವರ್ಷಗಟ್ಟಲೆ ಧೈರ್ಯ ಒಟ್ಟು ಮಾಡಿ ಕೇಳಿದಾಗ ಅವನು "ಯಾವಾಗ? ನಂಗೆ ನೆನಪೇ ಇಲ್ವಲ್ಲ" ಅನ್ನಲಿ, ಅದೂ ನಿಜವಾಗ್ಲೂ ನೆನಪಿಲ್ದೇನೇ. ಅಲ್ಲಿಂದ ಮುಂದೆ ಅವಳು ಏನ್ ಮಾಡ್ತಾಳೆ ಅನ್ನೋದನ್ನ ಬರೀರಿ.